ಸ್ಕ್ಯಾನ್‌ಗಿಂತ ಮೊದಲು ಸುತ್ತಿಗೆ

ನಡೆಯುವಾಗ ಬಲಪಾದ ಮೇಲೆ ಏಳುತ್ತಿಲ್ಲ, ಬೆರಳ ತುದಿ ನೆಲಕ್ಕೆ ಉಜ್ಜುತ್ತದೆ, ಮೆಟ್ಟಿಲು ಹತ್ತುವಾಗ ಎಡವುತ್ತೇನೆ ಎಂದು ಒಬ್ಬರು ನರರೋಗ ತಜ್ಞರ ಬಳಿ ಬಂದರು ಎನ್ನಿ. ಪಾದ ಎತ್ತು ಎಂಬ ಆಜ್ಞೆ ಹುಟ್ಟುವುದು ಮಿದುಳಿನ ಹೊರಪದರದಲ್ಲಿ. ಅದು ಮಿದುಳುಕಾಂಡದ ಬುಡದಲ್ಲಿ ಎಡದಿಂದ ಬಲಕ್ಕೆ ದಾಟಿ, ಬೆನ್ನುಹುರಿಯಲ್ಲಿ ಇಳಿದು, ಸೊಂಟದ ಬಳಿ ನರಬೇರಿನ ಮೂಲಕ ಹೊರಬಂದು, ತೊಡೆಯ ಹಿಂಬದಿಯಲ್ಲಿ ಸಾಗಿ, ಮೊಣಕಾಲಿನ ಹೊರಬದಿಯ ಎಲುಬನ್ನು ಬಳಸಿಕೊಂಡು ಕೊನೆಗೆ ಕಣಕಾಲಿನ ಮುಂಭಾಗದ ಸ್ನಾಯುವನ್ನು ಮುಟ್ಟುತ್ತದೆ. ಇಷ್ಟುದ್ದದ ಹಾದಿಯಲ್ಲಿ ಎಲ್ಲಿ ಕಡಿದರೂ ಪಾದ ಜೋಲುತ್ತದೆ. ಕಡಿದಿರುವುದು ಎಲ್ಲಿ ಎಂಬುದೇ ವೈದ್ಯರ ಮೊದಲ ಪ್ರಶ್ನೆ. ಯಾವ ರೋಗ ಎಂಬ ಪ್ರಶ್ನೆ ಆಮೇಲಿನದು.

ಉತ್ತರ ಹುಡುಕಲು ಅವರು ಪಾದವನ್ನು ಒಳಕ್ಕೆ ತಿರುಗಿಸಿ ಎನ್ನುತ್ತಾರೆ, ಹೊರಕ್ಕೆ ತಿರುಗಿಸಿ ಎನ್ನುತ್ತಾರೆ. ಮೊಣಕಾಲಿನ ಹೊರಬದಿಯಲ್ಲಿ ಆ ನರ ಚರ್ಮಕ್ಕೆ ತೀರಾ ಹತ್ತಿರದಲ್ಲಿ ಹಾಯುತ್ತದೆ. ಗಂಟೆಗಟ್ಟಲೆ ಕಾಲ ಮೇಲೆ ಕಾಲು ಹಾಕಿ ಕೂರುವವರಲ್ಲಿ, ತೂಕ ಗಕ್ಕನೆ ಇಳಿದವರಲ್ಲಿ ಅದು ಅಲ್ಲಿ ಒತ್ತಿಹೋಗಬಹುದು. ಹಾಗಾದಾಗ ಪಾದವನ್ನು ಎತ್ತಲಾಗದು, ಹೊರಕ್ಕೆ ತಿರುಗಿಸಲೂ ಆಗದು, ಆದರೆ ಒಳಕ್ಕೆ ತಿರುಗಿಸಬಹುದು. ಏಕೆಂದರೆ ಒಳಕ್ಕೆ ಎಳೆಯುವ ಸ್ನಾಯುವಿಗೆ ಹೋಗುವುದು ಬೇರೊಂದು ನರ. ಸೊಂಟದಲ್ಲಿ ನರಬೇರು ಒತ್ತಿಹೋಗಿದ್ದರೆ ಒಳಗಿನ ತಿರುವೂ ದುರ್ಬಲವಾಗಿರುತ್ತದೆ, ಏಕೆಂದರೆ ಎರಡೂ ನರಗಳಿಗೆ ಎಳೆಗಳು ಬರುವುದು ಆ ಬೇರಿನಿಂದಲೇ. ಮಿದುಳಿನಲ್ಲೋ ಬೆನ್ನುಹುರಿಯಲ್ಲೋ ಏಟಾಗಿದ್ದರೆ ಚಿತ್ರವೇ ಬೇರೆ: ವೈದ್ಯರ ಪುಟ್ಟ ರಬ್ಬರ್ ಸುತ್ತಿಗೆ ತಾಗಿದೊಡನೆ ಮೊಣಕಾಲು ಅತಿಯಾಗಿ ಜಿಗಿಯುತ್ತದೆ, ಅಂಗಾಲನ್ನು ಗೀರಿದರೆ ಹೆಬ್ಬೆರಳು ಕೆಳಗೆ ಬಾಗುವ ಬದಲು ಮೇಲಕ್ಕೆ ಏಳುತ್ತದೆ.

ಕೆಲವು ನಿಮಿಷಗಳ ಈ ಪರೀಕ್ಷೆ ಮುಗಿಯುವ ಹೊತ್ತಿಗೆ ಎಲ್ಲಿ ಹುಡುಕಬೇಕೆಂದು ತಿಳಿದಿರುತ್ತದೆ. ಇದನ್ನು ಬಿಟ್ಟು ನೇರವಾಗಿ ಸೊಂಟದ ಎಂಆರ್‌ಐ ಮಾಡಿಸಿದರೆ? ನಡುವಯಸ್ಸು ದಾಟಿದವರ ಬೆನ್ನುಮೂಳೆಯಲ್ಲಿ, ನೋವೇ ಇಲ್ಲದವರಲ್ಲೂ, ಒಂದೆರಡು ಡಿಸ್ಕ್ ಉಬ್ಬಿರುವುದು ಮಾಮೂಲು. ಆ ಉಬ್ಬು ವರದಿಯಲ್ಲಿ ಬರುತ್ತದೆ, ಪಾದದ ತೊಂದರೆಯನ್ನು ಅದರ ತಲೆಗೆ ಕಟ್ಟಲಾಗುತ್ತದೆ. ಮೊಣಕಾಲಿನ ನರಕ್ಕೆ ಬೆನ್ನಿನ ಆಪರೇಷನ್ನು!

'ಎಲ್ಲಿ' ಎಂದು ಕೇಳುವುದನ್ನು ವೈದ್ಯಲೋಕ ಕಲಿತದ್ದು ತಡವಾಗಿ. 1861ರಲ್ಲಿ ಪ್ಯಾರಿಸ್‌ನ ಶಸ್ತ್ರವೈದ್ಯ ಪಾಲ್ ಬ್ರೋಕಾ ಅವರ ಆರೈಕೆಗೆ ಒಬ್ಬ ರೋಗಿ ಬಂದ. ಹೇಳಿದ್ದು ಅವನಿಗೆ ಬಹುಮಟ್ಟಿಗೆ ತಿಳಿಯುತ್ತಿತ್ತು, ಆದರೆ ಬಾಯಿಂದ ಬರುತ್ತಿದ್ದದ್ದು 'ತಾನ್' ಎಂಬ ಸದ್ದು ಮಾತ್ರ. ಆತ ತೀರಿಕೊಂಡ ಮೇಲೆ ಬ್ರೋಕಾ ಮಿದುಳನ್ನು ಪರೀಕ್ಷಿಸಿ ಎಡಭಾಗದ ಮುಂಪಾಲಿಯಲ್ಲಿ ಹಾನಿಯನ್ನು ಕಂಡರು. ಅದೇ ಊರಿನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಜಾನ್ ಮಾರ್ಟಿನ್ ಶಾರ್ಕೋ ಈ ವಿಧಾನವನ್ನು ಒಂದು ಶಿಸ್ತಾಗಿಯೇ ಬೆಳೆಸಿದರು: ಬದುಕಿದ್ದಾಗ ಕಂಡ ಲಕ್ಷಣಗಳನ್ನು ಬರೆದಿಟ್ಟು, ಸತ್ತ ಮೇಲೆ ಮಿದುಳು, ಬೆನ್ನುಹುರಿಗಳಲ್ಲಿ ಕಂಡ ಗಾಯಗಳೊಂದಿಗೆ ತಾಳೆ ನೋಡುವುದು. 1882ರಲ್ಲಿ ನರಮಂಡಲದ ರೋಗಗಳಿಗೆಂದೇ ಅವರಿಗಾಗಿ ಪ್ರಾಧ್ಯಾಪಕ ಪೀಠವೊಂದು ಹುಟ್ಟಿತು. ಅವರ ಶಿಷ್ಯ ಜೋಸೆಫ್ ಬಬಿನ್‌ಸ್ಕಿ 1896ರಲ್ಲಿ ಪ್ರಕಟಿಸಿದ ಪುಟ್ಟ ಟಿಪ್ಪಣಿಯೇ ಮೇಲೆ ಹೇಳಿದ ಹೆಬ್ಬೆರಳಿನ ಪರೀಕ್ಷೆ. ಎಳೆಮಕ್ಕಳಲ್ಲಿ ಹೆಬ್ಬೆರಳು ಹೀಗೆ ಮೇಲೇಳುವುದು ಸಹಜ, ಮಿದುಳಿನಿಂದ ಇಳಿಯುವ ನರಮಾರ್ಗ ಆಗಿನ್ನೂ ಪೂರ್ತಿ ಪಕ್ವವಾಗಿರುವುದಿಲ್ಲ. ದೊಡ್ಡವರಲ್ಲಿ ಎದ್ದರೆ ಆ ಮಾರ್ಗಕ್ಕೆ ಪೆಟ್ಟು ಬಿದ್ದಿದೆ ಎಂದರ್ಥ.

'ಎಲ್ಲಿ' ತಿಳಿದ ಮೇಲೆ 'ಏನು' ಎಂಬುದನ್ನು ಹೇಳುವುದು ಬಹುಪಾಲು ಕಾಲ. ಕ್ಷಣದಲ್ಲಿ ಬಂದೆರಗಿದರೆ ರಕ್ತನಾಳದ ಮೇಲೆ ಅಥವಾ ಫಿಟ್ಸ್ ಮೇಲೆ ಅನುಮಾನ. ಗಂಟೆಗಳಿಂದ ದಿನಗಳವರೆಗೆ ಏರುತ್ತಾ ಹೋದರೆ ಸೋಂಕು, ಉರಿಯೂತ. ವಾರ, ತಿಂಗಳುಗಳಲ್ಲಿ ಬೆಳೆದರೆ ಗೆಡ್ಡೆ. ವರ್ಷಗಳ ಕಾಲ ಸದ್ದಿಲ್ಲದೆ ಸವೆದರೆ ಪಾರ್ಕಿನ್ಸನ್, ಆಲ್ಝೈಮರ್‌ನಂಥವು. ಈ ಲೆಕ್ಕಾಚಾರ ಎಷ್ಟು ಸೂಕ್ಷ್ಮವಾಗಬಲ್ಲದು ಎಂಬುದಕ್ಕೆ ಮೈಗ್ರೇನ್ ಒಳ್ಳೆಯ ಉದಾಹರಣೆ. ಕೆಲವರಿಗೆ ತಲೆನೋವಿಗೆ ಮುಂಚೆ ಕಣ್ಣೆದುರು ಮಿನುಗುವ ಅಂಕುಡೊಂಕು ಗೆರೆಯೊಂದು ಕಾಣಿಸಿಕೊಂಡು ಮೆಲ್ಲಗೆ ಹರಡುತ್ತದೆ. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ ತಮಗೇ ಬರುತ್ತಿದ್ದ ಆ ಗೆರೆಯ ಚಲನೆಯನ್ನು ಕಾಗದದ ಮೇಲೆ ಗುರುತು ಹಾಕಿಕೊಂಡು, ಮಿದುಳಿನ ಹಿಂಭಾಗದಲ್ಲಿ ಏನೋ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಸಾಗುತ್ತಿರಬೇಕೆಂದು 1941ರಲ್ಲಿ ಬರೆದರು. ಮೂರೇ ವರ್ಷಗಳ ತರುವಾಯ ಬ್ರೆಜಿಲ್‌ನ ಅರಿಸ್ಟಿಡಿಸ್ ಲಿಯಾವ್ ಮೊಲಗಳ ಮಿದುಳಿನ ಮೇಲೆ ಅಂಥದೇ ಆಮೆನಡಿಗೆಯ ಅಲೆಯೊಂದನ್ನು ದಾಖಲಿಸಿದರು. ಹಾಗಾಗಿಯೇ ಜೋಮು ಬೆರಳಿನಿಂದ ತೋಳಿಗೆ, ತೋಳಿನಿಂದ ಕೆನ್ನೆಗೆ ಇಪ್ಪತ್ತು ನಿಮಿಷ ತೆಗೆದುಕೊಂಡು ಹತ್ತಿತೋ, ಇಲ್ಲ ಒಂದೇ ಏಟಿಗೆ ಅರ್ಧ ಮೈ ಮರಗಟ್ಟಿತೋ ಎಂದು ವೈದ್ಯರು ಮತ್ತೆ ಮತ್ತೆ ಕೆದಕಿ ಕೇಳುತ್ತಾರೆ. ಮೊದಲನೆಯದು ಮೈಗ್ರೇನ್ ಕಡೆಗೆ, ಎರಡನೆಯದು ಪಾರ್ಶ್ವವಾಯುವಿನ ಕಡೆಗೆ ಬೆರಳು ತೋರಿಸುತ್ತದೆ.

ಫಿಟ್ಸ್ ವಿಷಯದಲ್ಲಂತೂ ಸಾಕ್ಷಿಯ ಮಾತಿಗೆ ಯಂತ್ರದ ವರದಿಗಿಂತ ಹೆಚ್ಚು ತೂಕ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಅಪಸ್ಮಾರವಿದೆ, ಸರಿಯಾದ ಚಿಕಿತ್ಸೆ ಸಿಕ್ಕರೆ ಅವರಲ್ಲಿ ಶೇ. 70ರಷ್ಟು ಮಂದಿ ಫಿಟ್ಸ್ ಇಲ್ಲದೆ ಬದುಕಬಲ್ಲರು. ಆದರೆ ಕುಸಿದು ಬಿದ್ದವರೆಲ್ಲ ಅಪಸ್ಮಾರದವರಲ್ಲ. ರಕ್ತದೊತ್ತಡ ಇಳಿದು ಎಚ್ಚರ ತಪ್ಪಿದವರ ಕೈಕಾಲೂ ಕೆಲವು ಕ್ಷಣ ಅದುರಬಹುದು. ಬೀಳುವ ಮುಂಚೆ ಮುಖ ಬಿಳಿಚಿತೇ, ಬೆವರಿತೇ? ನಾಲಿಗೆಯ ಪಕ್ಕ ಕಚ್ಚಿಹೋಗಿತ್ತೇ? ಎಚ್ಚರವಾದ ಮೇಲೆ ಒಂದೆರಡು ನಿಮಿಷದಲ್ಲಿ ಸರಿಹೋದರೇ, ಅರ್ಧ ಗಂಟೆ ಮಂಕಾಗಿದ್ದರೇ? ಇದನ್ನೆಲ್ಲ ಹೇಳಬಲ್ಲವರು ರೋಗಿಯಲ್ಲ, ಪಕ್ಕದಲ್ಲಿದ್ದವರು. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ತನ್ನು ನೆತ್ತಿಯ ಮೇಲಿಂದ ಮೊದಲ ಬಾರಿ ದಾಖಲಿಸಿದ್ದರಿಂದ ಇಇಜಿ ಹುಟ್ಟಿತು, ಅದರ ಉಪಯೋಗ ದೊಡ್ಡದು. ಆದರೂ ಎರಡು ಫಿಟ್ಸ್ ನಡುವಿನ ದಿನಗಳಲ್ಲಿ ತೆಗೆದ ಇಇಜಿ ಏನೂ ತೋರಿಸದೇ ಇರಬಹುದು. ನನ್ನನ್ನು ಕೇಳಿದರೆ, ವೈದ್ಯರ ಬಳಿ ಹೋಗುವಾಗ ದಪ್ಪ ಫೈಲಿಗಿಂತ ಬಿದ್ದದ್ದನ್ನು ಕಣ್ಣಾರೆ ಕಂಡ ಒಬ್ಬರನ್ನೂ, ಮೊಬೈಲಿನಲ್ಲಿ ತೆಗೆದ ಅರ್ಧ ನಿಮಿಷದ ವಿಡಿಯೊವನ್ನೂ ಒಯ್ಯುವುದು ಮೇಲು. ಇಲ್ಲಿ ತಪ್ಪಾದರೆ ಬೇಡದ ಮಾತ್ರೆಯನ್ನು ವರ್ಷಗಟ್ಟಲೆ ನುಂಗಬೇಕಾದೀತು. ಇನ್ನೂ ಕೆಟ್ಟದ್ದೆಂದರೆ, ಎಚ್ಚರ ತಪ್ಪಿಸುತ್ತಿದ್ದ ಹೃದಯದ ತೊಂದರೆ ಹಾಗೆಯೇ ಉಳಿದುಬಿಟ್ಟೀತು.

ಹಾಗೆಂದು ಯಂತ್ರವನ್ನು ಹಳಿಯುವುದು ನನ್ನ ಉದ್ದೇಶವಲ್ಲ. 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ರೂಪಿಸಿದ ಸಿಟಿ ಸ್ಕ್ಯಾನರ್ ಮೊದಲ ರೋಗಿಯ ಮಿದುಳನ್ನು ಚಿತ್ರಿಸಿದಾಗಲೇ ಜೀವಂತ ಮಿದುಳು ತಲೆಬುರುಡೆ ತೆರೆಯದೆ ಕಣ್ಣಿಗೆ ಬಿದ್ದದ್ದು. ಪಾರ್ಶ್ವವಾಯುವಿನಲ್ಲಿ ಸ್ಕ್ಯಾನ್ ಇಲ್ಲದೆ ಒಂದು ಹೆಜ್ಜೆಯೂ ಇಡಲಾಗದು. ರಕ್ತನಾಳ ಕಟ್ಟಿಕೊಂಡಿದೆಯೋ ಒಡೆದಿದೆಯೋ ಎಂಬುದನ್ನು ಹೊರಗಿನ ಲಕ್ಷಣ ನೋಡಿ ಹೇಳುವುದು ಎಂಥ ನಿಪುಣರಿಗೂ ಅಸಾಧ್ಯ, ಮತ್ತು ಕಟ್ಟಿಕೊಂಡದ್ದಕ್ಕೆ ಕೊಡುವ ಮದ್ದು ಒಡೆದದ್ದಕ್ಕೆ ವಿಷ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು. ದೊಡ್ಡ ರಕ್ತನಾಳವೇ ಕಟ್ಟಿದ್ದರೆ ತೊಡೆಸಂದಿಯಿಂದ ಸಣ್ಣ ನಳಿಕೆ ತೂರಿಸಿ ಹೆಪ್ಪನ್ನು ಎಳೆದು ತೆಗೆಯಬಹುದು. 2015ರಲ್ಲಿ ಗಟ್ಟಿಯಾದ ಪುರಾವೆ ಪಡೆದ ಈ ಚಿಕಿತ್ಸೆ, ಆಯ್ದ ಕೆಲವು ರೋಗಿಗಳಲ್ಲಿ 24 ಗಂಟೆಯವರೆಗೂ ಸಾಧ್ಯ. ಬಾಯಿ ಒಂದು ಕಡೆಗೆ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ಮನೆಯವರಿಗೆ ಎದುರಾಗುವ ಮೊದಲ ಪ್ರಶ್ನೆ 'ಯಾವಾಗ ಶುರುವಾಯಿತು' ಎಂಬುದೇ. ನಿದ್ದೆಯಿಂದ ಏಳುವಾಗಲೇ ಹೀಗಿದ್ದರೆ, ಕೊನೆಯ ಬಾರಿ ಸರಿಯಾಗಿದ್ದದ್ದನ್ನು ಯಾರು ಎಷ್ಟು ಹೊತ್ತಿಗೆ ಕಂಡರು ಎಂದು ಕೇಳುತ್ತಾರೆ. ಗಡಿಯಾರ ಓಡುವುದು ಆ ಗಳಿಗೆಯಿಂದ.

ಇತ್ತ ಮೈಗ್ರೇನ್‌ನಲ್ಲಿ ಸ್ಕ್ಯಾನ್ ಸಾಮಾನ್ಯವಾಗಿ ನಿರ್ಮಲ, ಪಾರ್ಕಿನ್ಸನ್‌ನಲ್ಲಿ ಮಾಮೂಲಿ ಎಂಆರ್‌ಐ ಹೆಚ್ಚಾಗಿ ನಿರ್ಮಲ. ವರದಿ ನಾರ್ಮಲ್ ಬಂತು, ಇನ್ನು ರೋಗವಿಲ್ಲ ಎನ್ನುವಂತಿಲ್ಲ. ಮನಸ್ಸಿನ ಕಾಯಿಲೆ ಎಂದು ತಳ್ಳಿಹಾಕುವಂತೆಯೂ ಇಲ್ಲ. 2007ರಲ್ಲಿ ಸ್ಪೇನ್ ಮೂಲದ ಜೋಸೆಪ್ ದಲ್ಮಾವ್ ಮತ್ತು ಸಂಗಡಿಗರು ಗುರುತಿಸಿದ ಒಂದು ಬಗೆಯ ಮಿದುಳಿನ ಉರಿಯೂತದಲ್ಲಿ, ದೇಹದ ರಕ್ಷಣಾ ವ್ಯವಸ್ಥೆಯೇ ನರಕೋಶಗಳ ಮೇಲಿರುವ, ಸಂದೇಶ ಹಿಡಿಯುವ ಎನ್‌ಎಂಡಿಎ ಗ್ರಾಹಕಗಳ ಮೇಲೆ ತಿರುಗಿಬೀಳುತ್ತದೆ. ಹೆಚ್ಚಾಗಿ ಎಳೆಹರೆಯದ ಹೆಣ್ಣುಮಕ್ಕಳಲ್ಲಿ ಕಾಣುವ ಇದರ ಆರಂಭ ಭ್ರಮೆ, ಕಿರುಚಾಟ, ಸಂಶಯಗಳಿಂದ. ಎಂಆರ್‌ಐ ಎಷ್ಟೋ ಸಲ ಸಪ್ಪೆ. ಬೆನ್ನಿನಿಂದ ತೆಗೆದ ದ್ರವದಲ್ಲಿ ಹೀಗೆ ತಿರುಗಿಬೀಳುವ ಪ್ರತಿಕಾಯ (ರಕ್ಷಣಾ ವ್ಯವಸ್ಥೆಯ ಪ್ರೋಟೀನ್) ಸಿಕ್ಕಿದರೆ ಚಿಕಿತ್ಸೆಯ ದಿಕ್ಕೇ ಬದಲಾಗುತ್ತದೆ, ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ.

ಮರೆವು ಎಂದು ಬಂದವರಲ್ಲೂ ತಜ್ಞರು ಮೊದಲು ಹುಡುಕುವುದು ಸರಿಪಡಿಸಬಹುದಾದ ಕಾರಣವನ್ನು: ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ನಿದ್ದೆಮಾತ್ರೆ, ಬಿದ್ದು ತಲೆಯೊಳಗೆ ನಿಧಾನ ಜಿನುಗಿದ ರಕ್ತ. ಮರೆವಿನ ಜೊತೆ ನಡಿಗೆ ನೆಲಕ್ಕಂಟಿದಂತಾಗಿ ಮೂತ್ರದ ಹಿಡಿತವೂ ತಪ್ಪಿದ್ದರೆ, ಮಿದುಳಿನ ಕುಹರಗಳಲ್ಲಿ ದ್ರವ ತುಂಬಿಕೊಂಡಿರಬಹುದು. ಅದನ್ನು ಕೊಳವೆ ಹಾಕಿ ಹರಿಸಬಹುದು. ಈ ಪಟ್ಟಿ ಮುಗಿದ ಮೇಲಷ್ಟೇ ಆಲ್ಝೈಮರ್ ಹೆಸರು ಬರಬೇಕು.

ಹೆಸರು ಕೊಟ್ಟಲ್ಲಿಗೆ ಕೆಲಸ ಮುಗಿಯುವುದಿಲ್ಲ. ಈ ರೋಗಗಳಲ್ಲಿ ಹಲವು ವಾಸಿಯಾಗುವಂಥವಲ್ಲ, ರೋಗಿ ಮತ್ತು ವೈದ್ಯರ ಒಡನಾಟ ಹತ್ತಿಪ್ಪತ್ತು ವರ್ಷ ನಡೆಯುತ್ತದೆ. ಪಾರ್ಕಿನ್ಸನ್‌ಗೆ 1960ರ ದಶಕದಲ್ಲಿ ಬಂದ ಲೆವೊಡೋಪಾ ಇಂದಿಗೂ ಮುಖ್ಯ ಔಷಧಿ. ಮೊದಲ ವರ್ಷಗಳಲ್ಲಿ ದಿನಕ್ಕೆ ಮೂರು ಮಾತ್ರೆ ಸಾಕಾಗುತ್ತದೆ. ಈ ಔಷಧಿಯಿಂದ ಮಿದುಳಿನಲ್ಲಿ ತಯಾರಾಗುವ, ಚಲನೆಗೆ ಬೇಕಾದ ಡೋಪಮೀನ್ ಎಂಬ ರಾಸಾಯನಿಕವನ್ನು ಕೂಡಿಟ್ಟುಕೊಳ್ಳಬಲ್ಲ ನರಕೋಶಗಳು ಕಡಿಮೆಯಾದಂತೆ ದೇಹ ರಕ್ತದಲ್ಲಿರುವ ಔಷಧಿಯ ಏರಿಳಿತಕ್ಕೇ ಕುಣಿಯತೊಡಗುತ್ತದೆ: ಮಾತ್ರೆ ನುಂಗಿ ಸ್ವಲ್ಪ ಹೊತ್ತಿಗೆ ಸರಾಗ ಓಡಾಟ, ಕೆಲವು ಗಂಟೆಗೆ ಮೈ ಬಿಗಿತ, ಪ್ರಮಾಣ ಹೆಚ್ಚಾದರೆ ತಡೆಯಲಾಗದ ತೊನೆದಾಟ. ಪ್ರೋಟೀನ್ ಹೆಚ್ಚಿರುವ ಊಟದ ಜೊತೆ ನುಂಗಿದರೆ ಔಷಧಿ ಮಿದುಳಿಗೆ ತಲಪುವುದೇ ಕುಂಠಿತ. ಹಾಗಾಗಿ ಯಾವ ಹೊತ್ತಿಗೆ ನುಂಗಿದರು, ಯಾವಾಗ ಮೈ ಹಿಡಿದುಕೊಂಡಿತು ಎಂದು ಮನೆಯವರು ಬರೆದಿಟ್ಟ ದಿನಚರಿ ನೋಡಿ ಅರ್ಧ ಮಾತ್ರೆ ಇಲ್ಲಿ ಕಡಿಮೆ, ಅಲ್ಲಿ ಹೆಚ್ಚು ಎಂದು ಹೊಂದಿಸುತ್ತಾ ಹೋಗುವುದೇ ತಜ್ಞರ ನಿತ್ಯದ ಕೆಲಸ.

ಮಾತ್ರೆಯ ಹೊಂದಾಣಿಕೆಗೂ ಮಿತಿ ಬಂದಾಗ ಮಿದುಳಿನ ಆಳಕ್ಕೆ ತಂತಿ ಇಳಿಸಿ ವಿದ್ಯುತ್ ಹಾಯಿಸುವ ದಾರಿಯಿದೆ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಇದನ್ನು ಆರಂಭಿಸಿದ್ದು ಶಸ್ತ್ರವೈದ್ಯ ಅಲಿಮ್ ಲೂಯಿ ಬೆನಾಬಿಡ್ ಮತ್ತು ನರರೋಗ ತಜ್ಞ ಪಿಯರ್ ಪೊಲಾಕ್ ಜೋಡಿ. ತಂತಿ ಇಳಿಸುವವರು ಶಸ್ತ್ರವೈದ್ಯರು. ಯಾರಿಗೆ ಇಳಿಸಬೇಕು ಎಂಬ ನಿರ್ಧಾರದಲ್ಲಿ, ಆಮೇಲೆ ವಿದ್ಯುತ್ತನ್ನು ತಿಂಗಳುಗಟ್ಟಲೆ ಹದಗೊಳಿಸುವುದರಲ್ಲಿ ನರರೋಗ ತಜ್ಞರ ಪಾತ್ರ ದೊಡ್ಡದು. ಆಯ್ಕೆಯ ಪರೀಕ್ಷೆ ಸರಳ. ರಾತ್ರಿಯಿಡೀ ಔಷಧಿ ನಿಲ್ಲಿಸಿ, ಬೆಳಿಗ್ಗೆ ನಡೆಸಿ, ಬೆರಳಾಡಿಸಿ ಅಂಕ ಕೊಡುತ್ತಾರೆ. ಬಳಿಕ ಲೆವೊಡೋಪಾ ಕೊಟ್ಟು ಮತ್ತೆ ಅದನ್ನೇ ಮಾಡಿಸುತ್ತಾರೆ. ಎರಡರ ನಡುವಿನ ಅಂತರದಷ್ಟೇ ಲಾಭವನ್ನು ತಂತಿಯಿಂದ ಹೆಚ್ಚುಕಡಿಮೆ ನಿರೀಕ್ಷಿಸಬಹುದು. ನಡುಕವೊಂದು ಇದಕ್ಕೆ ಹೊರತು, ಔಷಧಿಗೆ ಮಣಿಯದ ನಡುಕವೂ ತಂತಿಗೆ ಮಣಿಯುವುದುಂಟು. ಆದರೆ ಮಾತ್ರೆಗೆ ಸರಿಹೋಗದ ನಡಿಗೆ ಸಾಮಾನ್ಯವಾಗಿ ಆಪರೇಷನ್ನಿಗೂ ಸರಿಹೋಗದು ಎಂಬುದನ್ನು, ಆಸೆಯಿಂದ ಬಂದವರಿಗೆ ಮೊದಲೇ ಹೇಳಬೇಕಾದವರೂ ಅವರೇ.