ಸ್ಪೋಕ್ ಮೇಲೆ ಸ್ಪೋಕ್ ಮುರಿಯುತ್ತಿದೆ, ಎಂಥ ಚಕ್ರ ಹಾಕಿಸಲಿ?

ಪ್ರಶ್ನೆ: ನನ್ನದು 29 ಇಂಚಿನ ಚಕ್ರದ ಮೌಂಟನ್ ಬೈಕ್. ನನ್ನ ತೂಕ 92 ಕೆಜಿ. ಕಲ್ಲು, ಮರದ ಬೇರು, ಸಣ್ಣಪುಟ್ಟ ಜಿಗಿತ ಇರುವ ದಾರಿಯಲ್ಲಿ ಓಡಿಸುತ್ತೇನೆ. ಒಂದೇ ವರ್ಷದಲ್ಲಿ ಹಿಂದಿನ ಚಕ್ರದ ಸ್ಪೋಕ್ ಮೂರು ಸಲ ಮುರಿಯಿತು. ಬೆಂಡ್ ತೆಗೆಸಿ ತೆಗೆಸಿ ಸಾಕಾಗಿದೆ. ಬಹುಕಾಲ ಬಾಳುವ ವೀಲ್‌ಸೆಟ್ ಬೇಕಾದರೆ ಏನು ನೋಡಿ ಕೊಳ್ಳಬೇಕು? ಕಾರ್ಬನ್ ರಿಮ್‌ಗೆ ಹೋಗಲೇ?

ಉತ್ತರ: ಮುರಿದ ಸ್ಪೋಕ್ ಎಸೆದಿಲ್ಲ ಅಂದುಕೊಳ್ಳುತ್ತೇನೆ. ಅದನ್ನು ಕೈಗೆ ತೆಗೆದುಕೊಂಡು ಎಲ್ಲಿ ತುಂಡಾಗಿದೆ ನೋಡಿ. ಹಬ್‌ನ (ಚಕ್ರದ ನಡುಭಾಗದ) ತೂತಿನಲ್ಲಿ ಕೂರುವ ಬಾಗಿದ ಕುತ್ತಿಗೆಯ ಹತ್ತಿರವೇ ಮುರಿದಿದ್ದರೆ, ಯಾವುದೋ ಒಂದು ಕಲ್ಲಿನ ಏಟಿಗೆ ಅದು ಹೋಗಿರುವ ಸಾಧ್ಯತೆ ಕಡಿಮೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತ ಕೂತರೆ ಕೊನೆಗೊಮ್ಮೆ ಪಟ್ಟೆಂದು ತುಂಡಾಗುತ್ತದಲ್ಲ, ಅದೇ ಕಥೆ ಇಲ್ಲಿಯದೂ.

ಸೈಕಲ್ ಚಕ್ರದಲ್ಲಿ ಪ್ರತಿ ಸ್ಪೋಕನ್ನೂ ಮೊದಲೇ ಜಗ್ಗಿ ಬಿಗಿದಿರುತ್ತಾರೆ. ನೀವು ಹತ್ತಿ ಕೂತಾಗ ನೆಲದ ಕಡೆಯ ರಿಮ್ ಕೂದಲೆಳೆಯಷ್ಟು ಒಳಕ್ಕೆ ಒತ್ತುತ್ತದೆ, ಅಲ್ಲಿರುವ ಕೆಲವು ಸ್ಪೋಕ್‌ಗಳ ಬಿಗಿ ಇಳಿಯುತ್ತದೆ. ಚಕ್ರ ಮುಂದೆ ಉರುಳಿದರೆ ಮತ್ತೆ ಬಿಗಿ. 29 ಇಂಚಿನ ಚಕ್ರ ಟೈರ್ ಸಮೇತ ಒಂದು ಸುತ್ತಿಗೆ ಹೆಚ್ಚುಕಮ್ಮಿ 2.3 ಮೀಟರ್ ಹೋಗುತ್ತದೆ. ಅಂದರೆ ಕಿಲೋಮೀಟರಿಗೆ 430ಕ್ಕೂ ಹೆಚ್ಚು ಸುತ್ತು. ಸಾವಿರ ಕಿಲೋಮೀಟರಿಗೆ ಪ್ರತಿ ಸ್ಪೋಕೂ 4.3 ಲಕ್ಷ ಸಲ ಸಡಿಲಾಗಿ ಬಿಗಿಯಾಗಿರುತ್ತದೆ. ಮೊದಲೇ ಸರಿಯಾಗಿ ಬಿಗಿಯದ ಸ್ಪೋಕ್ ಆದರೆ ಕೆಳಗೆ ಬಂದಾಗಲೆಲ್ಲ ಪೂರ್ತಿ ಸಡಿಲಾಗಿ, ಕುತ್ತಿಗೆ ಹಬ್‌ನ ತೂತಿನಲ್ಲಿ ಅಲುಗಾಡುತ್ತದೆ. ಬಹಳ ಜನ ಬಿಗಿ ಜಾಸ್ತಿಯಾಗಿ ಮುರಿಯಿತು ಅನ್ನುತ್ತಾರೆ. ನಾನು ಕಂಡಂತೆ ಮುರಿಯುವುದರಲ್ಲಿ ಹೆಚ್ಚಿನವು ಸಡಿಲ ಇದ್ದವೇ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಸೈಕಲ್ ತಲೆಕೆಳಗು ಮಾಡಿ, ಹಿಂದಿನ ಚಕ್ರದ ಒಂದು ಬದಿಯ ಸ್ಪೋಕ್‌ಗಳನ್ನು ಮಾತ್ರ ಒಂದೊಂದಾಗಿ ಬೆರಳಿನಿಂದ ಮೀಟುತ್ತ ಹೋಗಿ. ತಂಬೂರಿ ಶ್ರುತಿ ಮಾಡುವವರ ಕಿವಿ ಬೇಕಿಲ್ಲ. ಟಿಣ್, ಟಿಣ್, ಟಿಣ್ ಅನ್ನುತ್ತಾ ಬಂದು ಒಂದು ಕಡೆ ದಡ್ ಅಂದರೆ ಗೊತ್ತಾಗದೆ ಇರುವುದಿಲ್ಲ. ಎಡ ಬಲ ಎರಡೂ ಬದಿ ಒಂದೇ ಸ್ವರದಲ್ಲಿ ಇರಬೇಕಾಗಿಲ್ಲ. ಹಿಂದಿನ ಚಕ್ರದಲ್ಲಿ ಕ್ಯಾಸೆಟ್‌ಗೆ, ಅಂದರೆ ಗೇರಿನ ಹಲ್ಲುಚಕ್ರಗಳ ಗೊಂಚಲಿಗೆ, ಜಾಗ ಬಿಡಬೇಕಾದ್ದರಿಂದ ಬಲಬದಿಯ ಸ್ಪೋಕ್‌ಗಳು ಹೆಚ್ಚು ನೆಟ್ಟಗೆ ನಿಲ್ಲುತ್ತವೆ, ಎಡಬದಿಯವಕ್ಕಿಂತ ಬಿಗಿಯೂ ಹೆಚ್ಚು. ಒಂದೇ ಬದಿಯ ಒಳಗೆ ಸ್ವರ ಹೊಂದದಿದ್ದರೆ ಮಾತ್ರ ಚಕ್ರ ಕಟ್ಟಿದ್ದರಲ್ಲೇ ದೋಷ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಎಷ್ಟೇ ದುಬಾರಿ ರಿಮ್ ತಂದರೂ ಕಟ್ಟುವ ಕೈ ಸರಿಯಿಲ್ಲದಿದ್ದರೆ ಮುಂದಿನ ವರ್ಷ ಇದೇ ಪ್ರಶ್ನೆ ಕೇಳುತ್ತೀರಿ. ರಿಮ್ ನೆಟ್ಟಗಿದ್ದು, ಹಬ್ ಸಲೀಸಾಗಿ ತಿರುಗುತ್ತಿದ್ದರೆ ಹೊಸ ವೀಲ್‌ಸೆಟ್ಟೇ ಬೇಡದಿರಬಹುದು. ಹಿಂದಿನ ಚಕ್ರದ ಎಲ್ಲ ಸ್ಪೋಕ್ ಬದಲಿಸಿ ಹೊಸದಾಗಿ ಕಟ್ಟಿಸಿದರೆ ಸಾಕು. ಎಲ್ಲವನ್ನೂ ಯಾಕೆ ಅಂದರೆ, ಮುರಿದ ಮೂರು ಅನುಭವಿಸಿದ್ದನ್ನು ಉಳಿದವೂ ಅನುಭವಿಸಿವೆ.

ಹೊಸದೇ ಕೊಳ್ಳುವುದಾದರೆ ನಿಮ್ಮ ತೂಕಕ್ಕೆ ಹಿಂದೆ 32 ಸ್ಪೋಕ್ ಇರಲಿ. 28ಕ್ಕೆ ಇಳಿದರೆ ಉಳಿಯುವುದು ಚಕ್ರಕ್ಕೆ 30 ಗ್ರಾಂ ಆಸುಪಾಸು, ಅದಕ್ಕಾಗಿ ಯೋಚಿಸಲೇಬೇಡಿ. 32ರಲ್ಲಿ ಒಂದು ಮುರಿದರೂ ಚಕ್ರ ಅಷ್ಟಾಗಿ ಓಲಾಡದೆ ಮನೆ ತಲುಪಿಸುತ್ತದೆ. ಸ್ಪೋಕ್ ಬಟೆಡ್ ಆಗಿರಲಿ, ಅಂದರೆ ತುದಿಗಳಲ್ಲಿ 2 ಮಿ.ಮೀ., ನಡುವೆ 1.8 ಮಿ.ಮೀ. ದಪ್ಪ. ನಡು ಸಣ್ಣಗಿರುವುದು ಹೇಗೆ ಗಟ್ಟಿ ಅಂತ ಅನುಮಾನ ಬರುವುದು ಸಹಜ. ಸಣ್ಣ ನಡು ಅದೇ ಬಿಗಿಗೆ ತುಸು ಹೆಚ್ಚು ಹಿಗ್ಗಿ ನಿಂತಿರುತ್ತದೆ, ಹಾಗಾಗಿ ರಿಮ್ ಒತ್ತಿದಾಗ ಪೂರ್ತಿ ಸಡಿಲಾಗುವುದಿಲ್ಲ. ಎಳೆತವನ್ನೆಲ್ಲ ನಡು ನುಂಗಿಕೊಂಡು ಕುತ್ತಿಗೆಯನ್ನು ಉಳಿಸುತ್ತದೆ. ಸ್ಪೋಕ್ ತುದಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್, ಅಂದರೆ ನಿಪ್ಪಲ್, ಹಿತ್ತಾಳೆಯದೇ ಕೇಳಿ. ಅಲ್ಯೂಮಿನಿಯಂ ನಿಪ್ಪಲ್ ಹಗುರ ನಿಜ, ಆದರೆ ಕೆಸರು, ನೀರು, ಟ್ಯೂಬ್‌ಲೆಸ್ ಟೈರಿನೊಳಗೆ ಪಂಕ್ಚರ್ ಮುಚ್ಚಲು ಹಾಕುವ ಸೀಲಂಟ್ ದ್ರವ ತಾಗಿ ತಾಗಿ ತುಕ್ಕಿನಂತೆ ಬಿಳಿಪುಡಿ ಹಿಡಿದು ಅಂಟಿಕೊಂಡುಬಿಡುತ್ತದೆ. ಕೀ ಹಾಕಿ ತಿರುಗಿಸಿದರೆ ಮೂಲೆ ಸವೆದು ಗುಂಡಗಾಗುತ್ತದೆಯೇ ಹೊರತು ಅಲುಗುವುದಿಲ್ಲ.

ಇನ್ನು ಕಾರ್ಬನ್. ಒಳ್ಳೆಯ ಕಾರ್ಬನ್ ರಿಮ್ ಸಣ್ಣ ಏಟಿಗೆ ಬಾಗುವುದಿಲ್ಲ, ವರ್ಷಗಟ್ಟಲೆ ನೆಟ್ಟಗೇ ಓಡುತ್ತದೆ. ಆದರೆ ಹೋದರೆ ಬಿರುಕು ಬಿಟ್ಟೇ ಹೋಗುತ್ತದೆ. ಅಲ್ಯೂಮಿನಿಯಂ ರಿಮ್‌ನ ಅಂಚು ಕಲ್ಲಿಗೆ ಬಡಿದು ತಗ್ಗಾದರೆ ಇಕ್ಕಳದಲ್ಲಿ ಹಿಡಿದು ಎತ್ತಿ ಆ ದಿನದ ಸವಾರಿ ಮುಗಿಸಬಹುದು. ನಿಮ್ಮ ಜಾಗದಲ್ಲಿ ನಾನಿದ್ದರೆ ಅಲ್ಯೂಮಿನಿಯಂ ಹಾಕಿಸಿ, ಉಳಿದ ದುಡ್ಡನ್ನು ಹಿಂದಿನ ಹಬ್‌ಗೂ ಚಕ್ರ ಕಟ್ಟುವವರ ಕೂಲಿಗೂ ಕೊಡುತ್ತಿದ್ದೆ. ರಿಮ್ಮಿನ ಒಳ ಅಗಲ 28ರಿಂದ 30 ಮಿ.ಮೀ. ಇದ್ದರೆ 2.3ರಿಂದ 2.6 ಇಂಚಿನ ಟೈರ್ ಚೆನ್ನಾಗಿ ಕೂರುತ್ತದೆ. ಮುಂದೆ ಹಿಂದೆ ಒಂದೇ ಜೋಡಿ ಇರಬೇಕೆಂಬ ಕಟ್ಟುಪಾಡೇನೂ ಇಲ್ಲ. ಹೆಚ್ಚು ಭಾರ ಬೀಳುವ ಹಿಂದಕ್ಕೆ ಒಂದು ದರ್ಜೆ ಮೇಲಿನ, ಭಾರದ ರಿಮ್ ಹಾಕಿಸಿ. ಎಷ್ಟೋ ತಯಾರಕರು, ಎಂಥ ಒರಟು ಬಳಕೆಗೆ ಸೈಕಲ್ ತಕ್ಕದ್ದು ಅಂತ ವಿಂಗಡಿಸುವ ಎಎಸ್‌ಟಿಎಂ ಎಫ್2043 ಮಾನದಂಡದ ದರ್ಜೆ ನಮೂದಿಸುತ್ತಾರೆ. 3ನೇ ದರ್ಜೆ 61 ಸೆಂ.ಮೀ.ವರೆಗಿನ ಜಿಗಿತಕ್ಕೆ, 4ನೆಯದು 122 ಸೆಂ.ಮೀ.ವರೆಗೆ. ನಿಮ್ಮ ಹಿಂದಿನ ಚಕ್ರಕ್ಕೆ 4ನೆಯದೇ ಇರಲಿ. ಜೊತೆಗೆ ಅದಕ್ಕೆ ಎಷ್ಟು ತೂಕದವರೆಗೆ ಅನುಮತಿ ಇದೆ ಅನ್ನುವುದನ್ನೂ ಓದಿ. ಕೆಲವು ಕಡೆ ಸೈಕಲ್, ಬ್ಯಾಗು, ನೀರು ಎಲ್ಲ ಸೇರಿಸಿ ಲೆಕ್ಕ ಹಾಕಿರುತ್ತಾರೆ.

ಹಬ್ ವಿಷಯಕ್ಕೆ ಬಂದರೆ, ಬಿಚ್ಚಿ ತೊಳೆದು ಗ್ರೀಸ್ ಹಾಕುವುದು ಎಷ್ಟು ಸುಲಭ, ಬೇರಿಂಗ್ ಎಲ್ಲ ಕಡೆ ಸಿಗುವ ಅಳತೆಯದೇ, ಈ ಎರಡನ್ನು ಕೇಳಿ. ಡಿಟಿ ಸ್ವಿಸ್‌ನ ಸ್ಟಾರ್ ರ‍್ಯಾಚೆಟ್ ಹಬ್ ನನಗೆ ಇಷ್ಟವಾಗುವುದು ಇದಕ್ಕೇ. ಕ್ಯಾಸೆಟ್ ಹಿಡಿದು ಎಳೆದರೆ ಉಪಕರಣವಿಲ್ಲದೆ ಬಿಚ್ಚಿಕೊಳ್ಳುತ್ತದೆ. ಪೆಡಲ್ ತುಳಿದಾಗ ಚಕ್ರವನ್ನು ಹಿಡಿದು ತಿರುಗಿಸುವ ಹಲ್ಲಿನ ಬಿಲ್ಲೆಗಳು ಅದರೊಳಗಿವೆ; 36 ಹಲ್ಲಿನದು 10 ಡಿಗ್ರಿಗೊಮ್ಮೆ ಕಚ್ಚುತ್ತದೆ. ಇನ್ನೂ ಬೇಗ ಕಚ್ಚುವ ಸಣ್ಣ ಹಲ್ಲಿನ ಹಬ್‌ಗಳನ್ನು ಹೊಗಳುವವರು ಬಹಳ, ಬಾಳಿಕೆ ಮುಖ್ಯವಾದರೆ ದೊಡ್ಡ ಹಲ್ಲೇ ಇರಲಿ ಅನ್ನುವ ಪೈಕಿ ನಾನು.

ಕೊಳ್ಳುವ ಮೊದಲು ಫ್ರೇಮಿನ ಅಳತೆ ಬರೆದುಕೊಂಡು ಹೋಗಿ. ಬೂಸ್ಟ್ ಅನ್ನುವ ಅಗಲದ ಹಬ್ ಅಳತೆ ಆದರೆ ಮುಂದೆ 110, ಹಿಂದೆ 148 ಮಿ.ಮೀ.; ಅದಕ್ಕಿಂತ ಹಳೆಯ ಥ್ರೂ ಆಕ್ಸಲ್ (ಹಬ್ಬಿನೊಳಗೆ ತೂರಿಸಿ ಬಿಗಿಯುವ ಅಚ್ಚು) ಆದರೆ ಸಾಮಾನ್ಯವಾಗಿ 100 ಮತ್ತು 142. ಬ್ರೇಕ್ ಡಿಸ್ಕ್ ಆರು ಬೋಲ್ಟಿನದೋ, ನಡುವೆ ಒಂದೇ ರಿಂಗಿನಿಂದ ಬಿಗಿಯುವ ಸೆಂಟರ್‌ಲಾಕೋ, ಕ್ಯಾಸೆಟ್ ಕೂರುವ ಬಾಡಿ ಯಾವುದು, ಇವೂ ಹೊಂದಬೇಕು.

ಒಂದು ವಿಷಯ ಬಿಟ್ಟಿದ್ದೆ. ಮುರಿದ ಮೂರೂ ಕ್ಯಾಸೆಟ್ ಬದಿಯವೇ ಆಗಿದ್ದರೆ, ಅದೇ ಬದಿಯಲ್ಲಿ ಉಳಿದವುಗಳ ಮೇಲೆ ಹಬ್ ಹತ್ತಿರ ಗೀರು ಇದೆಯೇ ಟಾರ್ಚ್ ಹಿಡಿದು ನೋಡಿ. ನಾನೊಮ್ಮೆ ಗೇರ್ ಬದಲಿಸುವ ಡಿರೇಲರ್‌ನಲ್ಲಿ, ಚೈನ್ ಅಂಚು ದಾಟದಂತೆ ತಡೆಯುವ ಲಿಮಿಟ್ ಸ್ಕ್ರೂ ನಾನೇ ತಿರುಗಿಸಿ ಕೆಡಿಸಿಕೊಂಡಿದ್ದೆ. ಏರು ಹತ್ತುವಾಗ ಚೈನ್ ದೊಡ್ಡ ಹಲ್ಲುಚಕ್ರದಿಂದ ಜಾರಿ ಸ್ಪೋಕ್‌ಗಳ ಸಂದಿಗೆ ಬಿತ್ತು. ಎಳೆದು ತೆಗೆದು ಮರೆತೂಬಿಟ್ಟೆ. ಆಮೇಲೆ ಗೀರು ಬಿದ್ದ ಜಾಗದಲ್ಲೇ ಒಂದಾದ ಮೇಲೊಂದು ಮುರಿಯತೊಡಗಿದವು. ಹಾಗಿದ್ದರೆ ಮೊದಲು ಡಿರೇಲರ್ ಸರಿಮಾಡಿಸಿ, ಇಲ್ಲದಿದ್ದರೆ ಹೊಸ ಚಕ್ರಕ್ಕೂ ಅದೇ ಗತಿ.

ಕಟ್ಟಿಸುವಾಗ ಟೆನ್ಶನ್ ಮೀಟರ್ ಇಟ್ಟು ಸ್ಪೋಕ್ ಬಿಗಿ ಅಳೆಯುವವರನ್ನೇ ಹಿಡಿಯಿರಿ. ಹಿಂದಿನ ಚಕ್ರದ ಬಲಬದಿಗೆ 100ರಿಂದ 120 ಕೆಜಿ ಬಲದಷ್ಟು ಬಿಗಿ ಸಾಮಾನ್ಯ. ರಿಮ್ ತಯಾರಕರು ಹೇಳಿದ ಮಿತಿ ದಾಟಬಾರದು. ಕಟ್ಟಿದ ಮೇಲೆ ಜೋಡಿ ಜೋಡಿ ಸ್ಪೋಕ್‌ಗಳನ್ನು ಅಂಗೈಯಲ್ಲಿ ಬಲವಾಗಿ ಹಿಂಡಿ, ಮತ್ತೆ ಬೆಂಡ್ ನೋಡುವವರಾದರೆ ಕೆಲಸ ಬಲ್ಲವರು ಅಂದುಕೊಳ್ಳಿ. ಮೊದಲ ಐವತ್ತು ನೂರು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ತೋರಿಸಿ. ಎಡ ಬಲ ಸ್ಪೋಕ್‌ಗಳ ಉದ್ದ ಬೇರೆ ಬೇರೆ ಇರುತ್ತದೆ; ಆ ಉದ್ದಗಳನ್ನು ಬರೆಸಿಕೊಂಡು, ಪ್ರತಿ ಅಳತೆಯದೂ ಎರಡೆರಡು ಹೆಚ್ಚಿಗೆ ಆವತ್ತೇ ತೆಗೆದುಕೊಳ್ಳಿ.