ಲೆನ್ಸ್ ಉದ್ದವಾದರೆ ಹಕ್ಕಿ ಹತ್ತಿರ ಬರುವುದಿಲ್ಲ

ವಲಸೆ ಹಕ್ಕಿಗಳ ಕಾಲ ಶುರುವಾದ ಕೂಡಲೇ ನೋಡಿ ಹೇಳಿ ಎಂದು ನನಗೆ ಬರುವ ಫೋಟೊಗಳೆಲ್ಲ ಒಂದೇ ಥರ. ಎಲೆಗಳ ಸಂದಿಯಲ್ಲೊಂದು ಹಸಿರುಗಂದು ಚುಕ್ಕೆ. ಅದನ್ನೇ ಕ್ರಾಪ್ ಮಾಡಿ, ಮತ್ತೆ ಕ್ರಾಪ್ ಮಾಡಿ ಉಲಿಯಕ್ಕಿ (ವಾರ್ಬ್ಲರ್ ಎಂಬ ಪುಟ್ಟ ಹಕ್ಕಿ) ಅನ್ನಿಸಿರುತ್ತಾರೆ. ಗರಿಯ ಎಳೆ ಕಾಣದು, ಕಣ್ಣಿಗೆ ಜೀವವಿಲ್ಲ. ಜೊತೆಗೊಂದು ಪ್ರಶ್ನೆ: "ಸರ್, 400 ಎಂಎಂ ಸಾಲ್ತಾ ಇಲ್ಲ, 600ಕ್ಕೆ ಹೋಗ್ಲಾ?"

ಲೆನ್ಸಿನ ಎಂಎಂ ಅಂಕಿ ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ, ನಿಜ. ಆದರೆ ಹೋಗುವ ಮೊದಲು ಒಂದು ಸಣ್ಣ ಲೆಕ್ಕ. 10 ಸೆಂ.ಮೀ. ಉದ್ದದ ಹಕ್ಕಿ 10 ಮೀಟರ್ ದೂರದಲ್ಲಿದೆ ಅನ್ನಿ. 400 ಎಂಎಂ ಲೆನ್ಸ್ ಅದನ್ನು ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಸುಮಾರು 4 ಮಿ.ಮೀ. ಉದ್ದಕ್ಕೆ ಮೂಡಿಸುತ್ತದೆ. 24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಸೆನ್ಸರಿನ 36 ಮಿ.ಮೀ. ಅಗಲಕ್ಕೆ 6000 ಪಿಕ್ಸೆಲ್. ಅಂದರೆ ಕೊಕ್ಕಿನಿಂದ ಬಾಲದವರೆಗೆ ಹಕ್ಕಿಯ ಪಾಲಿಗೆ ಬರುವುದು 670 ಪಿಕ್ಸೆಲ್. 600 ಎಂಎಂ ಹಾಕಿದರೆ 1000. ಅದೇ ಹಳೆಯ 400 ಇಟ್ಟುಕೊಂಡು 5 ಮೀಟರ್‌ನಿಂದ ತೆಗೆದರೆ 1300ಕ್ಕೂ ಹೆಚ್ಚು. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಸಿಕ್ಕಿಸಿ ಚಿತ್ರವನ್ನು ಇಮ್ಮಡಿ ಮಾಡುವ 2ಎಕ್ಸ್ ಕನ್ವರ್ಟರ್ ಹಾಕಿದರೂ ಅಷ್ಟು ಸಿಗುತ್ತದಲ್ಲ ಎನ್ನಬೇಡಿ: ಅದು ಎರಡು ಸ್ಟಾಪ್ ಬೆಳಕು ನುಂಗುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ, ಏರಿದರೆ ಇಮ್ಮಡಿ), 1/2000 ಸೆಕೆಂಡ್ ಇದ್ದ ಶಟರ್ 1/500ಕ್ಕೆ ಇಳಿಯುತ್ತದೆ, ಆಟೊಫೋಕಸ್ ತಡವರಿಸುತ್ತದೆ. ಬಿಸಿಲೇರಿದ ಮೇಲೆ ನೆಲದಿಂದೆದ್ದು ಚಿತ್ರ ಕದಡುವ ಝಳಕ್ಕಂತೂ ಯಾವ ಲೆನ್ಸಿನಲ್ಲೂ ಮದ್ದಿಲ್ಲ.

ಇಷ್ಟು ಹೇಳಿದ ಮೇಲೆ "ಸರಿ, ಹತ್ತಿರ ಹೋಗ್ತೀನಿ" ಅನ್ನುತ್ತಾರೆ. ಎಲ್ಲರೂ ಎಡವುವುದು ಇಲ್ಲೇ. ಹತ್ತಿರ ಹೋಗುವುದಲ್ಲ, ಹಕ್ಕಿ ಬರುವ ಕಡೆ ನೀವು ಮೊದಲೇ ಕೂತಿರಬೇಕು. ಎರಡೂ ಒಂದೇ ಅಲ್ಲ. ಹೂಂ ಹೂಂ ಎಂದು ತಲೆಯಾಡಿಸಿ, ಮರುಕ್ಷಣವೇ ಬಗ್ಗಿಕೊಂಡು ಪೊದೆಯತ್ತ ಹೆಜ್ಜೆ ಹಾಕುವವರನ್ನು ಕಂಡರೆ ಸಿಟ್ಟೂ ಬರುತ್ತದೆ, ನಗುವೂ ಬರುತ್ತದೆ. ಬಗ್ಗಿ, ಕಣ್ಣು ನೆಟ್ಟು, ನೇರ ಗೆರೆಯಲ್ಲಿ ನಿಧಾನವಾಗಿ ಬರುವುದು ಬೆಕ್ಕಿನ ನಡೆ. ಹಕ್ಕಿ ಅದನ್ನು ಅರ್ಥ ಮಾಡಿಕೊಳ್ಳುವುದೂ ಹಾಗೆಯೇ.

ಈ ಪುಟ್ಟ ಹಕ್ಕಿಗಳಲ್ಲಿ ಹೆಚ್ಚಿನವು ರಾತ್ರಿ ಹಾರಿ, ಬೆಳಗಾಗುವ ಹೊತ್ತಿಗೆ ಇಳಿದು, ಮೇವಿಗೆ ತೊಡಗುತ್ತವೆ. ಎಂಟು ಹತ್ತು ಗ್ರಾಂ ತೂಗುವ ಜೀವಕ್ಕೆ ಕೊಬ್ಬೇ ಇಂಧನ. ದೂರದ ಹಾರಾಟಕ್ಕೆ ಮುನ್ನ ಕೆಲವು ಜಾತಿಗಳು ಮೈತೂಕವನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿಕೊಳ್ಳುತ್ತವೆ. ಹಾಗಾಗಿ ಬೆಳಗಿನ ಮೊದಲ ಎರಡು ಗಂಟೆ ಅವುಗಳಿಗೆ ತಿನ್ನುವುದೊಂದೇ ಕೆಲಸ. ತಿನ್ನುವ ಹಕ್ಕಿ ಮನಸ್ಸಿಗೆ ಬಂದಂತೆ ಅಲೆಯುವುದು ಕಡಿಮೆ. ಕ್ಯಾಮೆರಾ ಕೆಳಗಿಟ್ಟು ಒಂದು ಇಪ್ಪತ್ತು ನಿಮಿಷ ಸುಮ್ಮನೆ ನೋಡಿ: ಎಲೆ ಉಲಿಯಕ್ಕಿ ಈ ಮರದಿಂದ ಆ ಪೊದೆ, ಅಲ್ಲಿಂದ ಮುಂದಿನ ರೆಂಬೆ ಎಂದು ಸುತ್ತು ಹಾಕಿ ಮತ್ತೆ ಅದೇ ಜಾಗಕ್ಕೆ ಬರುವುದು ಕಾಣುತ್ತದೆ. ನೊಣಹಿಡುಕವಾದರೆ ಇನ್ನೂ ಸುಲಭ. ಹಾರಿ ಹುಳ ಹಿಡಿದು ಬಹಳ ಸಲ ಅದೇ ಕೊಂಬೆಗೆ ಮರಳುತ್ತದೆ. ಎಲ್ಲ ಜಾತಿಗೂ ಈ ಮಾತು ಹೊಂದುವುದಿಲ್ಲ. ಜೊಂಡಿನೊಳಗೇ ನುಸುಳುವ ಉಲಿಯಕ್ಕಿಗಳು ದಿನವಿಡೀ ಕೂತರೂ ಬಾಲದ ತುದಿಯಷ್ಟೇ ತೋರಿಸಬಹುದು.

ಸುತ್ತು ಗೊತ್ತಾದ ಮೇಲೆ ಅದರಲ್ಲಿ ಒಂದು ಕಿಂಡಿ ಆರಿಸಿಕೊಳ್ಳಿ: ಮುಂದೆ ಎಲೆ ಅಡ್ಡವಿರಬಾರದು, ಹಿನ್ನೆಲೆಯ ಹಸಿರು, ಹಕ್ಕಿ ಕೂರುವ ಕೊಂಬೆಯಿಂದ ನಾಲ್ಕೈದು ಮೀಟರ್ ಆಚೆಗಿರಬೇಕು. ಹಕ್ಕಿ ಸುತ್ತಿನ ಆ ತುದಿಗೆ ಹೋದಾಗ ಬಂದು, ಬಿಸಿಲನ್ನು ಬೆನ್ನಿಗೆ ಹಾಕಿಕೊಂಡು, ಕಿಂಡಿಯಿಂದ ಐದಾರು ಮೀಟರ್ ದೂರದಲ್ಲಿ ಕೂತುಬಿಡಿ. ಲೆನ್ಸ್ ಮೊದಲೇ ಮೇಲೆತ್ತಿರಲಿ; ಹಕ್ಕಿ ಬಂದ ಮೇಲೆ ಎತ್ತಿದರೆ ಮುಗಿಯಿತು. ಲೆನ್ಸಿನ ಪಕ್ಕದಲ್ಲಿ ಫೋಕಸ್ ಲಿಮಿಟರ್ ಎಂಬ ಗುಂಡಿ ಇದ್ದರೆ ನೋಡಿಕೊಳ್ಳಿ. ಅದು "10 ಮೀಟರ್‌ನಿಂದ ಅನಂತ" ಎಂದಿದ್ದರೆ ಎದುರಿಗೇ ಬಂದು ಕೂತ ಹಕ್ಕಿಗೆ ಫೋಕಸ್ ಆಗುವುದಿಲ್ಲ, ಕ್ಯಾಮೆರಾ ಕೆಟ್ಟಿದೆ ಎಂದು ರಿಪೇರಿಗೆ ಒಯ್ಯುವವರಿದ್ದಾರೆ.

ಸೆಟ್ಟಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉಲಿಯಕ್ಕಿ ಕೂತಾಗಲೂ ಕೂತಿರುವುದಿಲ್ಲ. ಶಟರ್ 1/1000ಕ್ಕಿಂತ ಕೆಳಗಿಳಿಯಬೇಡಿ, 1/2000 ಆದರೆ ವಾಸಿ. ಅದಕ್ಕೆ ಐಎಸ್‌ಒ (ಕಡಿಮೆ ಬೆಳಕಿನಲ್ಲೂ ಚಿತ್ರ ಬೆಳಗಿಸುವ ಸೆಟ್ಟಿಂಗ್) 3200 ಬೇಕಾದರೆ ಬೇಕು. ಅದರಿಂದ ಚಿತ್ರದಲ್ಲಿ ಏಳುವ ಕಾಳುಕಾಳು, ಅಂದರೆ ನಾಯ್ಸ್, ತೆಗೆಯಲು ಸಾಫ್ಟ್‌ವೇರ್ ಇದೆ, ಅದುರಿದ ಕಣ್ಣನ್ನು ನೆಟ್ಟಗೆ ಮಾಡುವುದು ಕಷ್ಟ. ಬಿಳಿ ಆಕಾಶ ಹಿನ್ನೆಲೆಯಾದರೆ ಎಕ್ಸ್‌ಪೋಶರ್ ಒಂದರಿಂದ ಒಂದೂವರೆ ಸ್ಟಾಪ್ ಏರಿಸಿ. ರೆಂಬೆಗಳ ನಡುವೆ ಕಣ್ಣು ಹುಡುಕುವ ಆಟೊಫೋಕಸ್ ಮುಂದಿನ ಕಡ್ಡಿಗೆ ಅಂಟಿಕೊಂಡರೆ ಒಂದೇ ಸಣ್ಣ ಫೋಕಸ್ ಪಾಯಿಂಟಿಗೆ ಬನ್ನಿ.

ಕೂತ ಮೇಲೂ ಹಕ್ಕಿಯ ನಡೆ ಗಮನಿಸುತ್ತಿರಿ. ತಿನ್ನುವುದನ್ನು ಬಿಟ್ಟು, ಮೈ ಬಿಗಿಹಿಡಿದು, ಕತ್ತು ನೀಳ ಮಾಡಿ, ಟಿಕ್ ಟಿಕ್ ಎಂದು ಬಿಡದೆ ಕೂಗತೊಡಗಿದರೆ ನೀವು ಹೆಚ್ಚು ಹತ್ತಿರವಿದ್ದೀರಿ. ಅದು ಅತ್ತ ತಿರುಗಿದಾಗ ಎದ್ದು ಹಿಂದೆ ಸರಿಯಿರಿ. ಫೋನಿನಲ್ಲಿ ಕೂಗು ಹಾಕಿ ಕರೆಯುವ ಚಾಳಿ ಬೇಡವೇ ಬೇಡ. ಚಳಿಗಾಲ ಕಳೆಯಲು ಬಂದ ಎಲೆ ಉಲಿಯಕ್ಕಿಗಳಲ್ಲೂ ತಮ್ಮ ಮೇವಿನ ಗಡಿ ಕಾಯುವವು ಇವೆ. ಅಂಥ ಹಕ್ಕಿ ಆ ಕೂಗನ್ನು ಗಡಿ ದಾಟಿದ ಇನ್ನೊಂದು ಹಕ್ಕಿಯದೆಂದೇ ತಿಳಿದು ಮೇವು ಬಿಟ್ಟು ಹುಡುಕಲು ಬರುತ್ತದೆ. ಫೋಟೊದಲ್ಲಿ ಮೈ ಬಿಗಿದು ಬಾಯಿ ತೆರೆದ ಹಕ್ಕಿ ಸಿಗುತ್ತದೆ, ನೋಡಿದವರಿಗೆ ಹೇಗೆ ತೆಗೆದದ್ದೆಂದು ಗೊತ್ತಾಗುತ್ತದೆ.

ಮನೆಗೆ ಬಂದು ಅಳಿಸುವ ಆತುರವೂ ಬೇಡ. ಎಲೆ ಉಲಿಯಕ್ಕಿಗಳಲ್ಲಿ ಒಂದನ್ನೊಂದು ಬೇರೆ ಮಾಡುವುದು ರೆಕ್ಕೆಪಟ್ಟಿ, ಹುಬ್ಬುಗೆರೆ, ನೆತ್ತಿಯ ಗೆರೆ, ಕೆಳಕೊಕ್ಕಿನ ಬಣ್ಣ, ಕಾಲಿನ ಬಣ್ಣ, ಮಡಿಸಿದ ರೆಕ್ಕೆಯಿಂದ ಹೊರಚಾಚಿದ ಗರಿಗಳ ಉದ್ದ. ಇವು ಕಾಣುವುದು ಅಂದಗೆಟ್ಟ ಪಕ್ಕದ ನೋಟದಲ್ಲಿ, ಹೊಟ್ಟೆಯ ಕಡೆಯ ನೋಟದಲ್ಲಿ. ಎಲೆಗಳಡಿ ತೆಗೆದದ್ದಾದರೆ ಬಿಳಿ ಹೊಟ್ಟೆಗೂ ಹಸಿರು ಬಳಿದಿರುತ್ತದೆ, ವೈಟ್ ಬ್ಯಾಲೆನ್ಸ್ ಸರಿಪಡಿಸದೆ ಬಣ್ಣದ ಮೇಲೆ ಹೆಸರು ಹೇಳಬೇಡಿ. ಎಷ್ಟೋ ಸಲ ಇಷ್ಟಿದ್ದರೂ ಫೋಟೊ ಒಂದರಿಂದ ತೀರ್ಮಾನವಾಗುವುದಿಲ್ಲ. ಹಕ್ಕಿ ಕೂಗುತ್ತಿದ್ದರೆ ಫೋನಿನಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಂಡು ಅದನ್ನೂ ಜೊತೆಗೆ ಕಳಿಸಿ.