ಸಿಗ್‌ವಿನ್ ಕಟ್ಟೋಕೆ ಸಿಗ್‌ವಿನ್ನೇ ಬೇಕಾ?

ಪ್ರಶ್ನೆ: “ಸರ್, ನಮ್ಮದು ರಾಣೆಬೆನ್ನೂರ ರೀ. ಧಾರವಾಡದಾಗ ಬಿ.ಇ. ಓದಾಕತ್ತೀನಿ. ವಿಂಡೋಸ್ ಮ್ಯಾಲೆ ಸಿಗ್‌ವಿನ್ ಸೋರ್ಸ್‌ನಿಂದ ಕಟ್ಟಿ ನೋಡಬೇಕಂತ ಆಸೆ ಐತಿ. ಆದ್ರ ಅದನ್ನ ಕಟ್ಟಾಕ ಮೊದಲು ಸಿಗ್‌ವಿನ್ನೇ ಇನ್‌ಸ್ಟಾಲ್ ಮಾಡ್ರಿ ಅಂತಾರ. ಅದು ಇದ್ದಿದ್ರ ನಾ ಯಾಕ ಕಟ್ಟತಿದ್ದೆ ರೀ?”

ಹುಬ್ಬಳ್ಳಿಯಲ್ಲಿ ಸಂಜೆ ಹೊತ್ತು ಹುಡುಗರಿಗೆ ಸಿ ಹೇಳಿಕೊಡುತ್ತೇನೆ. ಪ್ರತಿ ವರ್ಷ ಯಾರಾದರೂ ಒಬ್ಬರು ಇದೇ ಪ್ರಶ್ನೆ ಹಿಡಿದು ಬರುತ್ತಾರೆ. ಹೌದಪ್ಪ, ಬೇಕು. ಲಿನಕ್ಸ್, ಯೂನಿಕ್ಸ್‌ಗೆಂದು ಬರೆದ ಪ್ರೋಗ್ರಾಂಗಳನ್ನು ವಿಂಡೋಸ್‌ನಲ್ಲಿ ಕಂಪೈಲ್ ಮಾಡಿ ಓಡಿಸಲು ನೆರವಾಗುವ ಲೈಬ್ರರಿ ಮತ್ತು ಸಾಧನಗಳ ಕಂತೆಯೇ ಸಿಗ್‌ವಿನ್. ಸೋರ್ಸ್‌ನಿಂದ ಕಟ್ಟೋದು ಅಂದರೆ ಅದರ ಕೋಡ್ ತಂದು ನಾವೇ ಕಂಪೈಲ್ ಮಾಡೋದು. ಮನೆಯಲ್ಲಿ ಮೊಸರು ಮಾಡಲು ಏನು ಬೇಕು? ಹಾಲು, ಅದರ ಜೊತೆ ಒಂದು ಚಮಚ ಮೊಸರು. ಹೆಪ್ಪಿಲ್ಲದೆ ಹಾಲು ಮೊಸರಾಗಲ್ಲ. ಸಿಗ್‌ವಿನ್ ಸೋರ್ಸ್ ಹಾಲು ಇದ್ದಂತೆ. ನೀನು ಇನ್‌ಸ್ಟಾಲ್ ಮಾಡಿಕೊಳ್ಳುವ ರೆಡಿ ಸಿಗ್‌ವಿನ್ ಹೆಪ್ಪು.

ಹಾಗಾದರೆ ಮೊಟ್ಟಮೊದಲ ಹೆಪ್ಪು ಎಲ್ಲಿಂದ ಬಂತು? ಇದನ್ನು ತಿಳಿದುಕೊಂಡರೆ ಈ ಲೈಬ್ರರಿ ಯಾಕಿದೆ ಅನ್ನೋದೂ ತಿಳಿಯುತ್ತದೆ.

1995ರ ಮಾತು. ಸಿಗ್ನಸ್ ಸೊಲ್ಯೂಷನ್ಸ್ ಅನ್ನೋ ಕಂಪನಿಯಲ್ಲಿ ಸ್ಟೀವ್ ಚೇಂಬರ್ಲೇನ್ ಎಂಬ ಎಂಜಿನಿಯರ್ ಇದ್ದರು. ಆಗಿನ ವಿಂಡೋಸ್ ಎನ್‌ಟಿ ಮತ್ತು ವಿಂಡೋಸ್ 95 ತಮ್ಮ ಆಬ್ಜೆಕ್ಟ್ ಫೈಲ್‌ಗಳಿಗೆ, ಅಂದರೆ ಕಂಪೈಲರ್ ಕೊಡುವ ಅರೆಸಿದ್ಧ ಫೈಲ್‌ಗಳಿಗೆ, ಕಾಫ್ ಎಂಬ ಫಾರ್ಮ್ಯಾಟ್ ಬಳಸುತ್ತಿದ್ದವು. ಜಿಎನ್‌ಯು ಎಂಬ ಮುಕ್ತ ಸಾಫ್ಟ್‌ವೇರ್ ಯೋಜನೆಯ ಸಾಧನಗಳಿಗೆ ಆ ಫಾರ್ಮ್ಯಾಟ್ ಆಗಲೇ ಗೊತ್ತಿತ್ತು. ಇದನ್ನು ಕಂಡ ಅವರು ಜಿಎನ್‌ಯುನ ಕಂಪೈಲರ್ ಆದ ಜಿಸಿಸಿಯನ್ನು ಕ್ರಾಸ್ ಕಂಪೈಲರ್ ಮಾಡಿ ವಿಂಡೋಸ್ ಪ್ರೋಗ್ರಾಂಗಳನ್ನು ಹುಟ್ಟಿಸಬಹುದು ಎಂದು ಯೋಚಿಸಿದರು. ಅಂದರೆ ಕಂಪೈಲರ್ ಓಡುವುದು ಒಂದು ಮಷೀನಿನಲ್ಲಿ, ಅದು ಕೊಡುವ ಪ್ರೋಗ್ರಾಂ ಓಡುವುದು ಇನ್ನೊಂದರಲ್ಲಿ. ಮೊಸರು ಮುಗಿದಾಗ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗ್ತೀವಿ, ಅಲ್ವಾ? ಮೊದಲ ಹೆಪ್ಪು ಬಂದಿದ್ದು ಹೀಗೆ, ಪಕ್ಕದ ಮನೆಯಿಂದ.

ಆಮೇಲೆ ಕಂಪೈಲರ್ ವಿಂಡೋಸ್ ಮೇಲೆಯೇ ತನ್ನನ್ನು ತಾನು ಕಟ್ಟಿಕೊಳ್ಳಬೇಕು ಅಂತಾಯಿತು. ಜಿಎನ್‌ಯು ಸೋರ್ಸ್ ಕಟ್ಟಬೇಕಾದರೆ ಮೊದಲು ಮಷೀನಿನಲ್ಲಿ ಏನೇನಿದೆ ಅಂತ ಪರೀಕ್ಷಿಸುವ ಕಾನ್ಫಿಗರ್ ಎಂಬ ಸ್ಕ್ರಿಪ್ಟ್ ಓಡಬೇಕು. ಆ ಸ್ಕ್ರಿಪ್ಟ್ ಓಡಲು ಕಮಾಂಡ್‌ಗಳನ್ನು ಓದಿ ಓಡಿಸುವ ಬ್ಯಾಶ್‌ನಂಥ ಶೆಲ್ ಬೇಕು. ಶೆಲ್‌ಗೆ ಫೋರ್ಕ್ ಬೇಕು. ಓಡುತ್ತಿರುವ ಪ್ರೋಗ್ರಾಂ ತನ್ನದೇ ಇನ್ನೊಂದು ಪ್ರತಿ ಹುಟ್ಟಿಸು ಅಂತ ಆಪರೇಟಿಂಗ್ ಸಿಸ್ಟಮ್‌ಗೆ ಕೊಡುವ ಕರೆ ಅದು. ವಿಂಡೋಸ್‌ನಲ್ಲಿ ಫೋರ್ಕ್ ಇರಲಿಲ್ಲ. ಅದಕ್ಕೇ ಯೂನಿಕ್ಸ್‌ನ ಕರೆಗಳನ್ನು ವಿಂಡೋಸ್ ಕರೆಗಳಾಗಿ ಬದಲಿಸುವ ಒಂದು ಲೈಬ್ರರಿ ಬೇಕಾಯಿತು. ಅದೇ ಇವತ್ತಿನ ಸಿಗ್‌ವಿನ್1 ಡಿಎಲ್‌ಎಲ್ (ಪ್ರೋಗ್ರಾಂಗಳು ಓಡುವಾಗ ಬಳಸುವ ವಿಂಡೋಸ್ ಲೈಬ್ರರಿ ಫೈಲ್‌ಗೆ ಡಿಎಲ್‌ಎಲ್ ಅಂತಾರೆ). ಕಾನ್ಫಿಗರ್ ಓಡಿಸಲೆಂದು ಹುಟ್ಟಿದ ಲೈಬ್ರರಿ ಇದು. ಈಗ ಅದನ್ನೇ ಕಟ್ಟಲು ನೀನು ಅದರ ಮೇಲೆಯೇ ಕಾನ್ಫಿಗರ್ ಓಡಿಸುತ್ತೀಯ. ಇಷ್ಟು ಚೆಂದದ ಸುತ್ತು ಬೇರೆ ಸಾಫ್ಟ್‌ವೇರ್‌ನಲ್ಲಿ ನಾನು ನೋಡಿದ್ದು ಕಡಿಮೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಲಿನಕ್ಸ್ ಕಮಾಂಡ್ ಕಲಿಯೋದಷ್ಟೇ ನಿನ್ನ ಉದ್ದೇಶವಾದರೆ ಇಷ್ಟೆಲ್ಲ ಬೇಡ. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಮೈಕ್ರೋಸಾಫ್ಟ್‌ನ ಡಬ್ಲ್ಯುಎಸ್‌ಎಲ್ ಹಾಕಿಕೋ, ಸಾಕು. ಅಲ್ಲಿ ಲಿನಕ್ಸ್ ಪ್ರೋಗ್ರಾಂ ಇದ್ದ ಹಾಗೇ ಓಡುತ್ತದೆ. ಸಿಗ್‌ವಿನ್‌ನಲ್ಲಿ ಓಡಲ್ಲ, ಸೋರ್ಸ್ ತಂದು ಮತ್ತೆ ಕಂಪೈಲ್ ಮಾಡಬೇಕು. ಆದರೆ ಒಂದು ಆಪರೇಟಿಂಗ್ ಸಿಸ್ಟಮ್‌ನ ಮಾತನ್ನು ಇನ್ನೊಂದಕ್ಕೆ ಹೇಗೆ ಅರ್ಥ ಮಾಡಿಸುತ್ತಾರೆ ಅಂತ ಒಳಗಿಳಿದು ನೋಡುವ ಆಸೆಯಿದ್ದರೆ ಇದಕ್ಕಿಂತ ಒಳ್ಳೆಯ ಪಾಠ ಸಿಗೋದು ಕಷ್ಟ.

ಮೊದಲು ಮಷೀನ್ ನೋಡಿಕೋ. ಸಿಗ್‌ವಿನ್ 3.4ರಿಂದ 32 ಬಿಟ್ ವಿಂಡೋಸ್‌ಗೆ ಬೆಂಬಲ ಇಲ್ಲ. 3.5ರಿಂದ ವಿಂಡೋಸ್ 7 ಮತ್ತು 8ಕ್ಕೂ ಇಲ್ಲ. ಆಮೇಲೆ ಸಿಗ್‌ವಿನ್ ಸೆಟಪ್ ಓಡಿಸಿ ಜಿಸಿಸಿ, ಜಿ++, ಮೇಕ್, ಪರ್ಲ್, ಆಟೋಕಾನ್ಫ್, ಆಟೋಮೇಕ್, ಪ್ಯಾಚ್, ಗಿಟ್ ಆರಿಸಿಕೋ. ಇವುಗಳ ಜೊತೆ, ಬೇರೆ ಲೈಬ್ರರಿಗಳನ್ನು ಬಳಸಿ ಕಟ್ಟಲು ನೆರವಾಗುವ ಒಂದಿಷ್ಟು ಡೆವಲ್ ಪ್ಯಾಕೇಜ್‌ಗಳೂ ಬೇಕು. ಸಿಗ್‌ವಿನ್‌ನವರೇ ಬರೆದ ಪ್ರಶ್ನೋತ್ತರದಲ್ಲಿ ಪೂರ್ತಿ ಪಟ್ಟಿ ಇದೆ.

ಆ ಪಟ್ಟಿಯಲ್ಲಿ ಮಿಂಗ್‌ಡಬ್ಲ್ಯು ಕಂಪೈಲರ್ ಕೂಡ ಇದೆ. ‘ಒಂದು ಜಿಸಿಸಿ ಇದೆಯಲ್ಲ, ಇನ್ನೊಂದು ಯಾಕೆ?’ ಅಂತ ಬಿಟ್ಟುಬಿಡುವವರೇ ಜಾಸ್ತಿ. ಬಿಡಬೇಡ. ಸಿಗ್‌ಚೆಕ್ ಮತ್ತು ಎಸ್‌ಟ್ರೇಸ್ ಎಂಬ ಎರಡು ಸಾಧನಗಳಿವೆ. ಡಿಎಲ್‌ಎಲ್ ಕೆಟ್ಟಾಗ ಏನಾಗಿದೆ ಅಂತ ನೋಡೋಕೆ ಬೇಕಾಗುವುದು ಇವೇ. ಇವೂ ಅದೇ ಡಿಎಲ್‌ಎಲ್ ನಂಬಿಕೊಂಡಿದ್ದರೆ ಅದರ ಜೊತೆ ಇವೂ ಮಲಗಿಬಿಡುತ್ತವೆ. ಹಾಗಾಗಿ ಇವನ್ನು ಡಿಎಲ್‌ಎಲ್‌ನ ಹಂಗಿಲ್ಲದ ಶುದ್ಧ ವಿಂಡೋಸ್ ಪ್ರೋಗ್ರಾಂ ಆಗಿ ಕಟ್ಟುತ್ತಾರೆ. ಆ ಕೆಲಸ ಮಿಂಗ್‌ಡಬ್ಲ್ಯುದು.

ಸೋರ್ಸ್ ಇರುವ ಭಂಡಾರದ ಹೆಸರು ನ್ಯೂಲಿಬ್-ಸಿಗ್‌ವಿನ್. ಅದನ್ನು ಸಿಗ್‌ವಿನ್ ಒಳಗಿನ ಗಿಟ್‌ನಿಂದಲೇ ಕ್ಲೋನ್ ಮಾಡು, ಅಂದರೆ ಅದರ ಪ್ರತಿ ಇಳಿಸಿಕೋ. ವಿಂಡೋಸ್‌ಗೆಂದು ಬೇರೆಯಾಗಿ ಹಾಕಿಕೊಂಡ ಗಿಟ್‌ನಲ್ಲಿ ಸಾಲಿನ ಕೊನೆಯ ಗುರುತನ್ನು ವಿಂಡೋಸ್ ರೀತಿಗೆ ಬದಲಿಸುವ ಸೆಟ್ಟಿಂಗ್ ಆನ್ ಇರಬಹುದು. ಹಾಗೆ ಬದಲಾದ ಸ್ಕ್ರಿಪ್ಟ್ ಕೊಟ್ಟರೆ ಬ್ಯಾಶ್ ಮೊದಲ ಸಾಲಿನಿಂದಲೇ ತಕರಾರು ತೆಗೆಯುತ್ತದೆ. ತಪ್ಪು ಮಾತ್ರ ಕಣ್ಣಿಗೆ ಕಾಣಲ್ಲ.

ಜಾಗದ ವಿಷಯ. ಕಳೆದ ವರ್ಷ ಒಬ್ಬ ಹುಡುಗ ಸಪ್ತಾಪುರದ ತನ್ನ ರೂಮಿಗೆ ಕರೆದಿದ್ದ. ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋದೆ. ಮೂರು ದಿನದಿಂದ ಬಿಲ್ಡ್ ಮುರಿದು ಬೀಳುತ್ತಿತ್ತು. ಕಾರಣ ಏನು ಗೊತ್ತಾ? ನಮ್ಮ ಕಡೆ ಅಡ್ಡಹೆಸರು ಬಿಟ್ಟು ಹೆಸರು ಬರೆಯೋರು ಕಡಿಮೆ. ಅವನ ವಿಂಡೋಸ್ ಯೂಸರ್ ಹೆಸರಿನಲ್ಲಿ ಹೆಸರು, ನಡುವೆ ಒಂದು ಖಾಲಿ ಜಾಗ, ಆಮೇಲೆ ಅಡ್ಡಹೆಸರು. ಸೋರ್ಸ್ ಇಟ್ಟಿದ್ದು ಆ ಹೆಸರಿನ ಫೋಲ್ಡರ್‌ನಲ್ಲೇ. ಕಟ್ಟುವ ಕೆಲಸ ನಡೆಸುವ ಮೇಕ್‌ಗೆ ಖಾಲಿ ಜಾಗ ಅಂದರೆ ಒಂದು ಹೆಸರು ಮುಗಿದು ಇನ್ನೊಂದು ಶುರುವಾಯಿತು ಅಂತ ಅರ್ಥ. ಒಂದು ಫೋಲ್ಡರ್ ಅದರ ಕಣ್ಣಿಗೆ ಎರಡಾಗಿತ್ತು. ಸಿಗ್‌ವಿನ್ ರೂಟ್‌ನಲ್ಲೇ ಓಎಸ್‌ಎಸ್ ಅಂತ ಚಿಕ್ಕ ಹೆಸರಿನ ಫೋಲ್ಡರ್ ಮಾಡಿದೆವು. ಅದರೊಳಗೆ ಸೋರ್ಸ್‌ಗೆ ಒಂದು, ಬಿಲ್ಡ್‌ಗೆ ಒಂದು, ಇನ್‌ಸ್ಟಾಲ್‌ಗೆ ಒಂದು. ಈ ಮೂರೂ ಬೇರೆ ಬೇರೆ ಇರಲೇಬೇಕು. ಸೋರ್ಸ್ ಒಳಗೇ ಕಟ್ಟಲು ಹೋಗಬೇಡ.

ಆಮೇಲಿನ ಹೆಜ್ಜೆ ಸುಲಭ. ಸೋರ್ಸ್‌ನ ವಿನ್‌ಸಪ್ ಫೋಲ್ಡರ್‌ಗೆ ಹೋಗಿ, ಕಾನ್ಫಿಗರ್ ತಯಾರಿಸುವ ಆಟೋಜೆನ್ ಸ್ಕ್ರಿಪ್ಟ್ ಓಡಿಸು. ಬಿಲ್ಡ್ ಫೋಲ್ಡರ್‌ಗೆ ಬಂದು, ಅಲ್ಲಿಂದ ಸೋರ್ಸ್‌ನ ಕಾನ್ಫಿಗರ್ ಕರೆ. ಎಲ್ಲಿ ಇನ್‌ಸ್ಟಾಲ್ ಆಗಬೇಕು ಅಂತ ಹೇಳುವ ಪ್ರಿಫಿಕ್ಸ್ ಆಗಿ ಇನ್‌ಸ್ಟಾಲ್ ಫೋಲ್ಡರ್ ಕೊಡು. ಕೈಪಿಡಿ ಕಟ್ಟೋದು ಬೇಡವಾದರೆ ಡಿಸೇಬಲ್-ಡಾಕ್ ಸೇರಿಸು, ಕೈಪಿಡಿ ತಯಾರಿಸುವ ಡಾಕ್‌ಬುಕ್‌ನ ಒಂದು ಕಂತೆ ಪ್ಯಾಕೇಜ್ ಹಾಕಿಕೊಳ್ಳೋದು ತಪ್ಪುತ್ತದೆ. ಕೊನೆಗೆ ಮೇಕ್.

ಕಾನ್ಫಿಗರ್ ಓಡುವಾಗ ಪರದೆಯ ಮೇಲೆ ‘ಚೆಕಿಂಗ್ ಫಾರ್’ ಸಾಲುಗಳು ಒಂದೊಂದಾಗಿ ಬರುತ್ತವೆ. ಲಿನಕ್ಸ್‌ನಲ್ಲಿ ಸರಸರ ಓಡುವ ಸಾಲುಗಳು ಇಲ್ಲಿ ತಡೆದು ತಡೆದು ಬರುತ್ತವೆ. ಸಪ್ತಾಪುರದ ಹುಡುಗ ‘ಹ್ಯಾಂಗ್ ಆಗೇತ್ರಿ ಸರ್’ ಅಂತ ಎರಡು ಸಲ ಕಂಟ್ರೋಲ್-ಸಿ ಒತ್ತಲು ಹೋದ. ಹ್ಯಾಂಗ್ ಆಗಿರಲಿಲ್ಲ, ಅದು ಫೋರ್ಕ್‌ನ ಬೆಲೆ. ಕಾನ್ಫಿಗರ್ ಒಂದೊಂದು ಪರೀಕ್ಷೆಗೂ ಪುಟ್ಟ ಸಿ ಫೈಲ್ ಬರೆದು, ಕಂಪೈಲ್ ಮಾಡಿ, ಫಲಿತಾಂಶ ನೋಡಿ ಅಳಿಸುತ್ತದೆ. ಪ್ರತಿ ಸಲವೂ ಹೊಸ ಪ್ರೋಸೆಸ್‌ಗಳು, ಅಂದರೆ ಓಡುವ ಪ್ರೋಗ್ರಾಂಗಳು, ಹುಟ್ಟಬೇಕು. ಲಿನಕ್ಸ್ ಕರ್ನಲ್ ಫೋರ್ಕ್ ಮಾಡುವಾಗ ಮೆಮೊರಿಯನ್ನು ತಕ್ಷಣ ನಕಲು ಮಾಡಲ್ಲ, ಯಾರಾದರೂ ಬರೆಯಲು ಹೋದಾಗ ಮಾತ್ರ ಮಾಡುತ್ತದೆ. ಸಿಗ್‌ವಿನ್‌ಗೆ ಆ ಸೌಲಭ್ಯ ಇಲ್ಲ. ಅದು ಮಗು ಪ್ರೋಸೆಸ್ ಹುಟ್ಟಿಸಿ, ಓಡದಂತೆ ನಿಲ್ಲಿಸಿ, ತಾಯಿಯ ಡೇಟಾ, ಹೀಪ್, ಸ್ಟ್ಯಾಕ್ ಎಂಬ ಮೆಮೊರಿ ಭಾಗಗಳನ್ನೆಲ್ಲ ಅದರೊಳಗೆ ತುಂಬಿ, ಆಮೇಲೆ ಓಡಲು ಬಿಡುತ್ತದೆ. ತಾಯಿಯಲ್ಲಿ ಡಿಎಲ್‌ಎಲ್‌ಗಳು ಯಾವ ವಿಳಾಸದಲ್ಲಿದ್ದವೋ ಮಗುವಿನಲ್ಲೂ ಅಲ್ಲೇ ಕೂರಬೇಕು. ಇಷ್ಟೆಲ್ಲ ಆಗುವಾಗ ಆಂಟಿವೈರಸ್ ಬೇರೆ ಹೊಸ ಫೈಲ್‌ಗಳನ್ನೆಲ್ಲ ತಡೆದು ಮೂಸಿ ನೋಡುತ್ತಿರುತ್ತದೆ. ಬಿಲ್ಡ್ ಫೋಲ್ಡರ್ ಒಂದನ್ನಷ್ಟೇ ಆಂಟಿವೈರಸ್‌ನ ವಿನಾಯಿತಿ ಪಟ್ಟಿಗೆ ಹಾಕು. ಕೆಲಸ ಮುಗಿದ ಮೇಲೆ ತೆಗೆದುಬಿಡು. ಲ್ಯಾಪ್‌ಟಾಪ್ ಚಾರ್ಜರ್‌ಗೆ ಹಾಕಿ, ಸ್ಲೀಪ್ ಆಗದಂತೆ ಮಾಡಿ, ಊಟ ಮಾಡಿ ಬಾ.

ಮೇಕ್ ಮುಗಿದಾಗ ಬಿಲ್ಡ್ ಫೋಲ್ಡರ್‌ನಲ್ಲಿ ನ್ಯೂ-ಸಿಗ್‌ವಿನ್1 ಅನ್ನೋ ಡಿಎಲ್‌ಎಲ್ ಸಿಗುತ್ತದೆ. ಇಲ್ಲಿ ಅವಸರ ಬೇಡ. ನಾನು ಮೊದಲ ಸಲ ಬ್ಯಾಶ್ ಕಿಟಕಿಯಿಂದಲೇ ಇದನ್ನು ಹಳೆಯದರ ಮೇಲೆ ಕಾಪಿ ಮಾಡಲು ಹೋಗಿದ್ದೆ. ಆ ಬ್ಯಾಶ್ ಕುಳಿತಿದ್ದೇ ಹಳೆಯ ಡಿಎಲ್‌ಎಲ್ ಮೇಲೆ! ಬಳಕೆಯಲ್ಲಿರುವ ಫೈಲ್ ಮೇಲೆ ಬರೆಯಲು ವಿಂಡೋಸ್ ಬಿಡಲ್ಲ. ಸಿಗ್‌ವಿನ್‌ನ ಎಲ್ಲ ಕಿಟಕಿ ಮುಚ್ಚಬೇಕು, ಹಿಂದೆ ಓಡುತ್ತಿರುವ ಎಸ್‌ಎಸ್‌ಎಚ್, ಕ್ರಾನ್ ಸರ್ವಿಸ್ ನಿಲ್ಲಿಸಬೇಕು, ಹಳೆಯದರ ಒಂದು ಪ್ರತಿ ಎತ್ತಿಡಬೇಕು. ಆಮೇಲೆ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಿಂದ ಕಾಪಿ ಮಾಡಬೇಕು.

ಇದಕ್ಕಿಂತ ಕ್ಷೇಮವಾದ ದಾರಿ ಇದೆ, ನಾನೀಗ ಹುಡುಗರಿಗೆ ಅದನ್ನೇ ಹೇಳುತ್ತೇನೆ. ಸೆಟಪ್ ಮತ್ತೊಮ್ಮೆ ಓಡಿಸಿ ಬೇರೆ ಫೋಲ್ಡರ್‌ನಲ್ಲಿ ಇನ್ನೊಂದು ಚಿಕ್ಕ ಸಿಗ್‌ವಿನ್ ಹಾಕಿಕೋ. ಹೊಸ ಡಿಎಲ್‌ಎಲ್ ಅಲ್ಲಿಗೆ ಹಾಕಿ ಪರೀಕ್ಷಿಸು. ಎರಡು ಸಿಗ್‌ವಿನ್ ಬೇರೆ ಬೇರೆ ಫೋಲ್ಡರ್‌ನಲ್ಲಿದ್ದರೆ ಜಗಳವಿಲ್ಲ. ಒಂದರ ಪ್ರೋಗ್ರಾಂ ಇನ್ನೊಂದರ ಡಿಎಲ್‌ಎಲ್ ಎತ್ತಿಕೊಂಡಾಗಲೇ ವಿಚಿತ್ರ ಫೋರ್ಕ್ ಎರರ್ ಬರೋದು. ಬೇರೆ ಯಾವುದೋ ಸಾಫ್ಟ್‌ವೇರ್ ತನ್ನ ಜೊತೆ ಒಂದು ಹಳೆಯ ಸಿಗ್‌ವಿನ್1 ತಂದು ಪಾತ್‌ನಲ್ಲಿ (ವಿಂಡೋಸ್ ಪ್ರೋಗ್ರಾಂ ಹುಡುಕುವ ಫೋಲ್ಡರ್‌ಗಳ ಪಟ್ಟಿಯಲ್ಲಿ) ಇಟ್ಟಿದ್ದರೂ ಹೀಗಾಗುತ್ತದೆ. ಸಿಗ್‌ಚೆಕ್‌ಗೆ ಮೈನಸ್ ಎಸ್ ಕೊಟ್ಟು ಓಡಿಸು. ಪಾತ್‌ನಲ್ಲಿ ಎರಡಿದ್ದರೆ ಅದೇ ಹೇಳುತ್ತದೆ.

ಹೊಸದು ಕೂತಿದೆಯೋ ಇಲ್ಲವೋ ಅಂತ ನೋಡೋಕೆ ಆ ಚಿಕ್ಕ ಸಿಗ್‌ವಿನ್ ತೆರೆದು ಯುನೇಮ್ ಮೈನಸ್ ವಿ ಅಂತ ಟೈಪ್ ಮಾಡು. ಡಿಎಲ್‌ಎಲ್ ಕಟ್ಟಿದ ದಿನ, ಹೊತ್ತು ಬರುತ್ತದೆ. ಸಪ್ತಾಪುರದಲ್ಲಿ ನಾವು ಕಟ್ಟಿದ್ದು ರಾತ್ರಿ 9:40ಕ್ಕೆ, ಪರದೆಯ ಮೇಲೆ ಬಂದಿದ್ದು 16:10. ಹುಡುಗನ ಮುಖ ಸಣ್ಣದಾಯಿತು, ಹಳೆಯದೇ ಓಡುತ್ತಿದೆ ಅಂದುಕೊಂಡ. ಪಕ್ಕದಲ್ಲಿದ್ದ ಯುಟಿಸಿ ಅನ್ನೋ ಮೂರಕ್ಷರ ತೋರಿಸಿದೆ, ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ತಾಸು ಹಿಂದಿರುವ ಜಾಗತಿಕ ಸಮಯ. ಬೆರಳು ಮಡಚಿ ಐದೂವರೆ ತಾಸು ಕೂಡಿಸಿದ. ಆಮೇಲೆ ಪರದೆಯ ಫೋಟೋ ತೆಗೆದು ಊರಲ್ಲಿದ್ದ ಅಕ್ಕನಿಗೆ ಕಳಿಸಿದ.